ಯಜಮಾನರು ಪಟ್ಟಣದಲ್ಲಿ, ದನ ಊರಲ್ಲಿ: ಮೇವು, ನೀರು, ಮದ್ದಿನ ವ್ಯವಸ್ಥೆ ಹೇಗೆ?

ಕೆಲಸಕ್ಕೆಂದು ಬೆಂಗಳೂರು ಸೇರಿದ ಎಷ್ಟೋ ಜನರ ಹಸು, ಎಮ್ಮೆಗಳು ಊರಲ್ಲಿ ವಯಸ್ಸಾದ ಅಪ್ಪ ಅಮ್ಮನ ಕೈಯಲ್ಲೋ, ಸಂಬಳದ ಆಳಿನ ಕೈಯಲ್ಲೋ, ಪಾಲಿಗೆ ಸಾಕುವವರ ಕೊಟ್ಟಿಗೆಯಲ್ಲೋ ಇವೆ. ದನ ಸೊರಗಿದರೆ ನೋಡಿಕೊಳ್ಳುವವರನ್ನು ಬೈಯುವುದು ವಾಡಿಕೆ. ಆದರೆ ಹಿಂಡಿ ತರಲು ಅವರ ಬಳಿ ದುಡ್ಡಿರುವುದಿಲ್ಲ, ಡಾಕ್ಟರನ್ನು ಕರೆಸಲು ಯಜಮಾನರ ಒಪ್ಪಿಗೆ ಬೇಕು, ಯಜಮಾನರು ಫೋನಿಗೆ ಸಿಗುವುದು ರಾತ್ರಿ. ಮೊದಲು ಸರಿಯಾಗಬೇಕಾದ್ದು ಇದು.

ದುಡ್ಡು ಮತ್ತು ಅಧಿಕಾರ

ಮೇವಿನ ಹಣ ತಿಂಗಳು ಶುರುವಾಗುವ ಮೊದಲೇ ತಲುಪಲಿ. ಚಿಕಿತ್ಸೆಗೆಂದು ಬೇರೆ ಮೊತ್ತ ಅವರ ಬಳಿಯೇ ಇರಲಿ. ‘ಡಾಕ್ಟರನ್ನು ಕರೆಸಲು ನನ್ನನ್ನು ಕೇಳಬೇಕಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ಹತ್ತಿರದ ಪಶು ಆಸ್ಪತ್ರೆಯ ನಂಬರನ್ನೂ ಸಂಚಾರಿ ಪಶು ಚಿಕಿತ್ಸಾ ವಾಹನದ 1962 ಸಂಖ್ಯೆಯನ್ನೂ ಕೊಟ್ಟಿಗೆಯ ಗೋಡೆಯ ಮೇಲೆ ಬರೆಸಿ. ಅದರ ಕೆಳಗೆ, ಕೂಡಲೇ ಕರೆ ಮಾಡಬೇಕಾದ ಲಕ್ಷಣಗಳನ್ನೂ ಬರೆಸಿ: ಮೆಲುಕು ನಿಂತಿದೆ, ಎಡ ಹೊಟ್ಟೆ ಉಬ್ಬಿದೆ, ಏಳಲು ಆಗುತ್ತಿಲ್ಲ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದೆ, ಕರು ಹಾಕಿ 12 ಗಂಟೆಯಾದರೂ ಮಾಸು ಬಿದ್ದಿಲ್ಲ.

ಮೇವು: ತೂಕದಲ್ಲಿ ಹೇಳಿ

‘ಚೆನ್ನಾಗಿ ಹಾಕಿ’ ಅಂದರೆ ಸಾಲದು. ಸುಮಾರು 400 ಕಿಲೊ ತೂಗುವ ಮಿಶ್ರತಳಿ ಹಸುವಿಗೆ ದಿನಕ್ಕೆ 20 ಕಿಲೊ ಹಸಿ ಮೇವು, 5 ಕಿಲೊ ಒಣಹುಲ್ಲು, 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಬೇಕು. ಪಶು ಆಹಾರ (ಹಿಂಡಿ) ಹಸುವಿನ ಮೈ ಕಾಯ್ದುಕೊಳ್ಳಲು ಒಂದೂವರೆ ಕಿಲೊ, ಜೊತೆಗೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಎಮ್ಮೆಯಾದರೆ ಲೀಟರಿಗೆ 500 ಗ್ರಾಂ. 8 ಲೀಟರ್ ಕೊಡುವ ಹಸುವಿಗೆ ಇದು ದಿನಕ್ಕೆ 4.7 ಕಿಲೊ, ತಿಂಗಳಿಗೆ 50 ಕಿಲೊದ ಮೂರು ಚೀಲಕ್ಕೆ ತುಸು ಕಡಿಮೆ. ಚೀಲದ ಲೆಕ್ಕವನ್ನೂ ಹಾಲಿನ ಲೆಕ್ಕವಿರುವ ಡೇರಿ ಪಾಸ್‌ಬುಕ್ಕನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ದೂರದಲ್ಲಿದ್ದೂ ಕೊರತೆ ತಿಳಿಯುತ್ತದೆ.

ಒಣಹುಲ್ಲು ವರ್ಷಕ್ಕೆ ಒಂದು ಹಸುವಿಗೆ 1,800 ಕಿಲೊ ದಾಟುತ್ತದೆ. ರಾಗಿ ಕೊಯ್ಲು ಮುಗಿದ ಡಿಸೆಂಬರ್, ಜನವರಿಯಲ್ಲೇ ಕೊಂಡು ಬಣವೆ ಒಟ್ಟಿಸಿ. ಬೇಸಿಗೆಯಲ್ಲಿ ಹುಡುಕಲು ಹೊರಟರೆ ಬೆಲೆಯೂ ಏರಿರುತ್ತದೆ, ಹುಲ್ಲೂ ಸಿಗುವುದಿಲ್ಲ. ಹಸಿದ ದನ ಹಗ್ಗ ಬಿಚ್ಚಿಕೊಂಡು, ಮಳೆ ಕೈಕೊಟ್ಟು ಬಾಡಿದ ಎಳೆ ಜೋಳಕ್ಕೋ ಕೊಯ್ದ ಮೇಲೆ ಮತ್ತೆ ಚಿಗುರಿದ ಕೂಳೆ ಜೋಳಕ್ಕೋ ಬಾಯಿ ಹಾಕಿದರೆ ಅದರಲ್ಲಿರುವ ಸೈನೈಡ್ ವಿಷದಿಂದ ಗಂಟೆಯೊಳಗೇ ಸಾಯಬಹುದು. ಹಬ್ಬದ ದಿನ ಮಿಕ್ಕ ಅನ್ನವನ್ನು ಪ್ರೀತಿಯಿಂದ ಬಕೆಟ್ಟುಗಟ್ಟಲೆ ಸುರಿಯುವುದೂ ಅಪಾಯ. ಹೊಟ್ಟೆಯಲ್ಲಿ ಆಮ್ಲ ಹೆಚ್ಚಿ ಹಸು ಕುಸಿದು ಬೀಳುತ್ತದೆ.

ನೀರು ಒಂದು ಹಸುವಿಗೆ ದಿನಕ್ಕೆ 60ರಿಂದ 80 ಲೀಟರ್. ಎರಡು ಹಸುವಿಗೆ 500 ಲೀಟರಿನ ತೊಟ್ಟಿ ಇದ್ದರೆ ಕರೆಂಟ್ ಹೋಗಿ ಬೋರ್‌ವೆಲ್ ನಿಂತರೂ ಮೂರು ದಿನ ದಬ್ಬಬಹುದು.

ಹಾಲು ಬತ್ತಿದ ಮೇಲೆ

ಹಸುವಿನ ದುರ್ದೆಸೆ ಹೆಚ್ಚಾಗಿ ಇಲ್ಲಿಂದಲೇ ಶುರು. ಹಾಲಿನ ದುಡ್ಡೇ ಕೂಲಿಯಾಗಿದ್ದರೆ, ಹಾಲು ನಿಂತ ದಿನ ಹಿಂಡಿಯೂ ನಿಲ್ಲುತ್ತದೆ. ಆದರೆ ಗಬ್ಬದ ಕೊನೆಯ ಎರಡು ತಿಂಗಳು ಕರು ವೇಗವಾಗಿ ಬೆಳೆಯುವ ಕಾಲ. ಆಗ ಸೊರಗಿದ ಹಸು ಕರು ಹಾಕಿದ ಮೇಲೆ ಚೇತರಿಸಿಕೊಳ್ಳುವುದಿಲ್ಲ, ಬೆದೆಗೂ ತಡವಾಗಿ ಬರುತ್ತದೆ. ಆದ್ದರಿಂದ ಪಾಲಿಗೆ ಕೊಡುವಾಗಲೇ ಬರೆದುಕೊಳ್ಳಿ: ಬತ್ತಿದ ಕಾಲದ ಮೇವಿನ ಖರ್ಚು ಯಾರದು, ಔಷಧದ್ದು ಯಾರದು, ಗಂಡು ಕರು ಹುಟ್ಟಿದರೆ ಸಾಕುವವರು ಯಾರು. ಬತ್ತಿದ ತಿಂಗಳುಗಳಿಗೆ ನೋಡಿಕೊಳ್ಳುವವರಿಗೆ ಕೂಲಿಯನ್ನು ನಗದಾಗಿ ಕೊಡುವುದೇ ನ್ಯಾಯ.

ವಿಡಿಯೊ ಕರೆಯಲ್ಲಿ ಏನು ನೋಡಬೇಕು

ವಾರಕ್ಕೊಮ್ಮೆ, ಸಂಜೆ ಮೇವು ಹಾಕಿ ಎರಡು ಗಂಟೆಯಾದ ಮೇಲೆ ಕರೆ ಮಾಡಿ. ಮುಖ ನೋಡಿ ಸಮಾಧಾನಪಡಬೇಡಿ. ಎಡಗಡೆ, ಪಕ್ಕೆಲುಬಿನ ಹಿಂದಿನ ಗುಳಿ ತೋರಿಸಲು ಹೇಳಿ. ಮೇವು ಹಾಕಿದ ಮೇಲೂ ಅದು ಒಳಸೇರಿದ್ದರೆ ಹೊಟ್ಟೆ ತುಂಬಿಲ್ಲ. ಹಿಂದಿನಿಂದ ಸೊಂಟದ ಮೂಳೆ, ಕಿವಿಯ ಒಳಗೆ ಮತ್ತು ಕೆಚ್ಚಲ ಸಂದಿಯಲ್ಲಿ ರಕ್ತ ಹೀರುವ ಉಣ್ಣೆ, ಗೊರಸು, ತೊಟ್ಟಿಯ ತಳ ಇವನ್ನೂ ನೋಡಿ. ಕೊರಳ ಹಗ್ಗದೊಳಗೆ ಎರಡು ಬೆರಳು ಹಾಕಿ ತೋರಿಸಲಿ: ಬೆಳೆಯುವ ಕರುವಿನ ಹಗ್ಗ ಸಡಿಲಿಸದಿದ್ದರೆ ಚರ್ಮದೊಳಕ್ಕೇ ಇಳಿದು ಹುಳು ಬೀಳುತ್ತದೆ.

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ, ಗಳಲೆ (ಗಂಟಲು ಬೇನೆ) ಮತ್ತು ಚಪ್ಪೆ ರೋಗದ್ದು (ತೊಡೆ ಊದುವ ರೋಗ) ಮಳೆಗಾಲಕ್ಕೆ ಮುಂಚೆ. ಲಸಿಕೆ ಹಾಕುವವರು ಬಂದ ದಿನ ದನ ಮೇಯಲು ಹೋಗಿದ್ದರೆ ತಪ್ಪಿಯೇ ಹೋಗುತ್ತದೆ. ದಿನಾಂಕವನ್ನು ನೀವೇ ವಿಚಾರಿಸಿ ತಿಳಿಸಿ. ದನದ ಕಿವಿಗೆ ಹಾಕಿರುವ ಗುರುತಿನ ಬಿಲ್ಲೆಯ, ಅಂದರೆ ಕಿವಿಯೋಲೆಯ 12 ಅಂಕಿಗಳು ನಿಮ್ಮ ಫೋನಿನಲ್ಲಿರಲಿ, ವಿಮೆಯ ಹಣಕ್ಕೂ ಅದೇ ಆಧಾರ.

ಕಾನೂನು ಏನನ್ನುತ್ತದೆ

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಸಾಕಷ್ಟು ಮೇವು, ನೀರು, ನೆರಳು ಒದಗಿಸದ ಮಾಲೀಕರು ಅಪರಾಧಿಗಳು. ಹಸಿವು ಬಾಯಾರಿಕೆಯಿಂದ ನರಳುವಂತೆ ಬಿಟ್ಟುಬಿಡುವುದೂ ಅಪರಾಧ. ಹಿಂಸೆ ಇನ್ನೊಬ್ಬರ ಕೈಯಲ್ಲಿ ನಡೆದರೂ, ಅದನ್ನು ತಡೆಯಲು ತಕ್ಕ ನಿಗಾ ಇಡದ ಮಾಲೀಕರೇ ಅಪರಾಧ ಮಾಡಿದಂತೆ ಎಂದು ಅದೇ ಸೆಕ್ಷನ್ ಹೇಳುತ್ತದೆ. ‘ನಾನು ಊರಲ್ಲಿರಲಿಲ್ಲ’ ಎನ್ನುವುದು ಉತ್ತರವಾಗದು.

ಇಷ್ಟು ಮಾಡಲಾಗದಿದ್ದರೆ ಕಾಡಿಗೋ ರಸ್ತೆಗೋ ಬಿಡಬೇಡಿ. ರಸ್ತೆಗೆ ಬಿದ್ದ ದನ ತಿನ್ನುವ ಪ್ಲಾಸ್ಟಿಕ್ ಹೊಟ್ಟೆಯಲ್ಲೇ ಗಂಟುಕಟ್ಟುತ್ತದೆ. ಮೈಯಲ್ಲಿ ಕಸುವಿರುವಾಗಲೇ ಸಾಕಬಲ್ಲವರಿಗೆ ಒಪ್ಪಿಸಿ. ಕೊಡುವಾಗ ಕೊನೆಯ ಲಸಿಕೆಯ ದಿನ, ಗಬ್ಬ ಕಟ್ಟಿದ ದಿನ ಬರೆದುಕೊಟ್ಟು, ಪಶು ಆಸ್ಪತ್ರೆಯಲ್ಲಿ ಕಿವಿಯೋಲೆಯ ದಾಖಲೆಯನ್ನು ಹೊಸ ಮಾಲೀಕರ ಹೆಸರಿಗೆ ಬದಲಿಸಿಕೊಡಿ.