ಹೊತ್ತುಗೊತ್ತಿಲ್ಲದ ತಿಂಡಿಗೆ ಹೊತ್ತು ಗೊತ್ತು ಮಾಡುವುದು ಹೇಗೆ?

ಸಂಜೆ ಏಳು ಗಂಟೆ. ತಾಯಿ ರೊಟ್ಟಿ ಬಡಿಯುತ್ತಿದ್ದಾಳೆ, ನಾಲ್ಕು ವರ್ಷದ ಮಗ ಸೆರಗು ಜಗ್ಗುತ್ತ ‘ಯವ್ವಾ, ಹಸಿವಾಗೇತಿ, ಏನರ ಕೊಡು’ ಅನ್ನುತ್ತಿದ್ದಾನೆ. ಕೈಯೆಲ್ಲ ಹಿಟ್ಟು, ಹಂಚು ಕಾದಿದೆ. ಬಿಸ್ಕಿಟ್ ಪುಡಾ ಅವನ ಕೈಗೆ ಹೋಗುತ್ತದೆ. ಅರ್ಧ ತಾಸಿಗೆ ತಾಟು ಬಂದರೆ ಎರಡು ತುತ್ತಿಗೆ ಏಳುತ್ತಾನೆ. ಒಂಬತ್ತಕ್ಕೆ ಮತ್ತೆ ಹಸಿವು, ಒಂದು ಲೋಟ ಸಿಹಿ ಹಾಲು. ಬೆಳಿಗ್ಗೆ ಉಪ್ಪಿಟ್ಟು ಒಲ್ಲೆ. ಬಾಗಲಕೋಟೆ ನವನಗರದ ನಮ್ಮ ಓಣಿಯಲ್ಲೇ ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ‘ನಮ್ಮ ಹುಡುಗ ಊಟಾನ ಮಾಡಂಗಿಲ್ರೀ’ ಎಂದು ದವಾಖಾನೆಯಲ್ಲಿ ಟಾನಿಕ್ ಕೇಳುವವರೂ ಇವರೇ.

ಹುಟ್ಟಿದ ಮೊದಲ ವರ್ಷದಲ್ಲಿ ಕೂಸಿನ ತೂಕ ಸುಮಾರು ಮೂರು ಪಟ್ಟಾಗುತ್ತದೆ. ಎರಡು ದಾಟಿದ ಮೇಲೆ ಏರುವುದು ವರ್ಷಕ್ಕೆ ಸುಮಾರು 2 ಕಿಲೊ. ಬೆಳವಣಿಗೆ ನಿಧಾನವಾದಂತೆ ಹಸಿವೂ ಇಳಿಯುತ್ತದೆ, ಗಾಬರಿ ಬೇಡ. ಆದರೆ ಹೊಟ್ಟೆ ಸಣ್ಣದು. ಮೂರು ಊಟದ ನಡುವೆ ಎರಡು ಸಲ ತಿನಿಸು ಬೇಕೇ ಬೇಕು.

ಮೊದಲ ಹೆಜ್ಜೆ: ಎರಡು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ. ಚಹಾದಲ್ಲಿ ಅದ್ದಿದ ಖಾರಿ, ಮುತ್ಯಾ (ಅಜ್ಜ) ಕೊಡಿಸಿದ ಐದು ರೂಪಾಯಿ ಪಾಕೀಟು ಎಲ್ಲವೂ ಬರಲಿ.

ಎರಡನೆಯದು: ಹೊತ್ತು ಗೊತ್ತು ಮಾಡಿ. ನಮ್ಮ ಮನೆಯಲ್ಲಿ 8, 10.30, 1, 4.30, 7.30. ನಡುವೆ ನೀರು ಮಾತ್ರ. ಹಾಲೂ ಆಹಾರವೇ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ದಿನಕ್ಕೆ ಅರ್ಧ ಲೀಟರ್ ಮೀರಿದರೆ ಊಟದ ಹಸಿವು ಸಾಯುತ್ತದೆ, ಕಬ್ಬಿಣದ ಕೊರತೆಯೂ ಬರಬಹುದು. ಹಲ್ಲಿಗೂ ಬಿಡುವು ಬೇಕು: ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬಾಯೊಳಗೆ ಹುಳಿ ಹುಟ್ಟಿ ಹಲ್ಲು ಸವೆಸುತ್ತದೆ. ದಿನಕ್ಕೆ ಎಂಟು ಸಲ ಒಂದೊಂದು ಬಿಸ್ಕಿಟ್ ತಿನ್ನುವುದು ಒಮ್ಮೆ ಎಂಟು ತಿನ್ನುವುದಕ್ಕಿಂತ ಕೆಟ್ಟದ್ದು.

ಮೂರನೆಯದು: ಏನು ಕೊಡಬೇಕು? ನೆನೆಸಿದ ಚುರುಮರಿಗೆ ಒಗ್ಗರಣೆ ಹಾಕಿ ಸೂಸ್ಲಾ ಮಾಡಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ. ಅದಕ್ಕಿಂತ ಒಳ್ಳೆಯ ತಿನಿಸು ನನಗೆ ಗೊತ್ತಿಲ್ಲ. ಮೊಸರು, ಬಾಳೆಹಣ್ಣು, ಕುದಿಸಿದ ತತ್ತಿ ಆದೀತು. ಶೇಂಗಾ ಬೇಕು, ಆದರೆ ಐದು ವರ್ಷದೊಳಗಿನವರಿಗೆ ಇಡೀ ಕಾಳು ಬೇಡ, ಗಂಟಲಿಗೆ ಸಿಕ್ಕುತ್ತದೆ. ಕುಟ್ಟಿ ಬೆಲ್ಲ ಹಾಕಿ ಉಂಡಿ ಕಟ್ಟಿ. ಫೆಬ್ರುವರಿ, ಮಾರ್ಚಿನಲ್ಲಿ ವಿಜಯಪುರದ ದ್ರಾಕ್ಷಿ ಬಂದಾಗಲೂ ಇದೇ ಎಚ್ಚರ: ಇಡೀ ಹಣ್ಣು ಕೊಡಬೇಡಿ, ಉದ್ದಕ್ಕೆ ನಾಲ್ಕು ಸೀಳು ಮಾಡಿ. ಅಮೀನಗಡದ ಕರದಂಟು ನನಗೂ ಪ್ರೀತಿಯೇ, ಆದರೆ ಹಲ್ಲಿಗೆ ಅಂಟುತ್ತದೆ. ದೊಡ್ಡ ಮಕ್ಕಳಿಗೆ, ಅದೂ ಊಟದ ಜೊತೆ ಇರಲಿ.

ಹಾಲಿಗೆ ಹಾಕುವ ಚಾಕಲೇಟ್ ಪುಡಿಗಳನ್ನು ಮಾತ್ರ ಮನೆಯೊಳಗೆ ತರಬೇಡಿ. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ ಇಂಥವನ್ನು ‘ಹೆಲ್ತ್ ಡ್ರಿಂಕ್’ ಸಾಲಿನಿಂದ ತೆಗೆಯಿರಿ ಎಂದು ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಡಬ್ಬಿಯ ಹಿಂದೆ ಓದಿ: ಯಾವುದು ಹೆಚ್ಚು ತೂಕ ಬಿದ್ದಿದೆಯೋ ಅದರ ಹೆಸರು ಮೊದಲು ಬರೆದಿರುತ್ತಾರೆ. ಸಕ್ಕರೆ ಎಷ್ಟನೆಯ ಸಾಲಿನಲ್ಲಿದೆ ನೋಡಿ.

ಈಗ ಎಲ್ಲರೂ ಸೋಲುವ ನಾಲ್ಕನೆಯ ಹೆಜ್ಜೆ: ಹೊತ್ತಿಗೆ ಮುಂಚೆ ಕೇಳಿದಾಗ ತಡೆಯುವುದು.

ಮೊದಲ ಮೂರು–ನಾಲ್ಕು ದಿನ ಅಳು ಇದ್ದೇ ಇದೆ. ಆಗ ‘ಇಲ್ಲ’ ಅನ್ನಬೇಡಿ, ಯಾವಾಗ ಸಿಗುತ್ತದೆ ಎಂದು ಹೇಳಿ. ಗಡಿಯಾರ ಓದಲು ಬರದ ಮಕ್ಕಳಿಗಾಗಿ ನಾನು ಗೋಡೆ ಗಡಿಯಾರದ ಗಾಜಿಗೆ ಎರಡು ಕೆಂಪು ಟಿಕಳಿ (ಹಣೆಬೊಟ್ಟು) ಹಚ್ಚಿದೆ, ಹತ್ತು–ಹನ್ನೊಂದರ ನಡುವೆ ಒಂದು, ನಾಲ್ಕು–ಐದರ ನಡುವೆ ಒಂದು. ‘ಸಣ್ಣ ಮುಳ್ಳು ಟಿಕಳಿಗೆ ಬರ್ಲಿ, ಕೊಡ್ತೀನಿ.’ ಹತ್ತು ಸಲ ಕೇಳಿದರೂ ಅದೇ ಮಾತು, ಅದೇ ದನಿ. ಇನ್ನೂ ಸಣ್ಣವರಿಗೆ ‘ನಿದ್ದಿ ಮಾಡಿ ಎದ್ದ ಮ್ಯಾಲೆ’ ಎಂದರೆ ಸಾಕು.

ದೊಡ್ಡ ತಪ್ಪು ಆಗುವುದು ಇಲ್ಲಿ. ಇಪ್ಪತ್ತು ನಿಮಿಷ ತಡೆದು, ಅಳು ಏರಿದ ಮೇಲೆ ಬಿಸ್ಕಿಟ್ ಕೊಡುತ್ತಾರೆ. ಇಪ್ಪತ್ತು ನಿಮಿಷ ಅತ್ತರೆ ಸಿಗುತ್ತದೆ ಎಂದು ಕೂಸು ಕಲಿಯುತ್ತದೆ. ನಾಳೆ ಇಪ್ಪತ್ತೈದು ನಿಮಿಷ ಅಳುತ್ತದೆ. ಕೊಡುವುದೇ ಆದರೆ ಕೇಳಿದ ಕೂಡಲೇ ಕೊಟ್ಟುಬಿಡಿ. ತಡೆದಿರೋ, ಕೊನೆತನಕ ತಡೆಯಿರಿ.

ಊಟ ಬಿಟ್ಟೆದ್ದರೆ ತಾಟು ಹಿಡಿದು ಬೆನ್ನಟ್ಟಬೇಡಿ, ಮೊಬೈಲ್ ತೋರಿಸಿ ತುರುಕಬೇಡಿ. ತಾಟು ಮುಚ್ಚಿಡಿ. ಅರ್ಧ ತಾಸಿನೊಳಗೆ ಕೇಳಿದರೆ ಅದೇ ತಾಟು, ಆಮೇಲೆ ಮುಂದಿನ ಹೊತ್ತಿಗೇ. ‘ರಾತ್ರಿ ಹಸಿದು ಮಲಗತಾವ್ರೀ, ಹೊಟ್ಟಿ ಉರಿತೈತಿ’ ಅನ್ನುವ ತಾಯಂದಿರ ಸಂಕಟ ನನಗೂ ಗೊತ್ತು. ಅದಕ್ಕೇ ರಾತ್ರಿ ತಾಟಿನಲ್ಲಿ ಕೂಸು ತಪ್ಪದೆ ತಿನ್ನುವ ಒಂದು ಪದಾರ್ಥ ಇರಲೇಬೇಕು. ಮೊಸರನ್ನವೋ, ಹಾಲಿನಲ್ಲಿ ಚಿವುಟಿದ ಬಿಸಿ ರೊಟ್ಟಿಯೋ. ಎಷ್ಟು ತಿನ್ನಬೇಕೆಂಬುದನ್ನು ಅದರ ಹೊಟ್ಟೆಗೇ ಬಿಡಿ.

ರೊಟ್ಟಿ ಬಡಿಯುವಾಗಿನ ಆ ಏಳು ಗಂಟೆಗೆ? ಒಂದು ಹಿಟ್ಟಿನ ಉಂಡಿ ಕೊಟ್ಟು ಒಲೆಯಿಂದ ದೂರ ಕೂಡಿಸಿ, ತನ್ನದೇ ಸಣ್ಣ ರೊಟ್ಟಿ ಬಡಿಯಲಿ. ನಿಜಕ್ಕೂ ಹಸಿದಿದ್ದರೆ ತಾಟು ಹಾಕಿ ಸೌತಿಕಾಯಿ ಹೋಳಿನಿಂದಲೇ ಊಟ ಶುರು ಮಾಡಿಸಿ. ದಿನಾ ಏಳಕ್ಕೇ ಹಸಿಯುತ್ತಿದ್ದರೆ ಊಟವನ್ನೇ ಏಳಕ್ಕೆ ತನ್ನಿ.

ಐದನೆಯದು ಹಿರಿಯರು. ಕೂಸಿನ ಎದುರು ಅತ್ತೆಯ ಜೊತೆ ವಾದ ಬೇಡ. ನಾಲ್ಕೂವರೆಯ ತಿನಿಸನ್ನು ಆಯಿಯ (ಅಜ್ಜಿಯ) ಕೈಗೇ ಒಪ್ಪಿಸಿ. ಕೊಡುವ ಸಂತೋಷ ಅವರದ್ದಾಗಲಿ, ಹೊತ್ತೂ ಅವರೇ ಕಾಯುತ್ತಾರೆ. ನಮ್ಮಲ್ಲಿ ಹಾಗೇ ಆಯಿತು. ಮುತ್ಯಾನಿಗೆ ಪಾಕೀಟಿನ ಬದಲು ಪೇರಲ ತರಲು ಹೇಳಿ.

ಡಬ್ಬಿಗಳನ್ನು ಕಣ್ಣಿಗೆ ಕಾಣದಂತೆ ಎತ್ತಿಡಿ, ಅಷ್ಟೇ.

ಜ್ವರ ಬಂದಾಗ, ಬಂದು ಹೋದ ವಾರದಲ್ಲಿ ಈ ಹೊತ್ತು ಹಿಡಿಯಬೇಡಿ; ಕೇಳಿದಾಗ ಕೊಡಿ. ಅಂಗನವಾಡಿಯಲ್ಲಿ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿರುವ ಕೂಸಿನ ತೂಕದ ಗೆರೆ ಏರದೆ ನಿಂತರೆ ಅಥವಾ ಇಳಿದರೆ ಡಾಕ್ಟರಿಗೆ ತೋರಿಸಿ. ಬನಶಂಕರಿ ಜಾತ್ರೆಗೆ ಹೋದ ದಿನ ಬೆಂಡು ಬತ್ತಾಸು ತಿನ್ನಲಿ ಬಿಡಿ. ಮರುದಿನ ಹತ್ತೂವರೆಗೆ ಮತ್ತೆ ಸೂಸ್ಲಾ.