60 ದಿನ ತಲೆ ತಗ್ಗಿಸಿ ಮಲಗಿದ್ದೆ

"ಮಲಗೋಕೂ ಯಾರಾದ್ರೂ ಆಳು ಹುಡುಕ್ತಾರಾ?" ಎಂದು ಅಕ್ಕ ಫೋನಿನಲ್ಲಿ ನಕ್ಕಿದ್ದಳು. ಹುಡುಕುತ್ತಿದ್ದರು, ನಾನು ಸಿಕ್ಕಿದೆ. ಬಾಹ್ಯಾಕಾಶಕ್ಕೆ ಹೋದವರ ಮೈಗೆ ಏನಾಗುತ್ತದೆ ಎಂದು ನೆಲದ ಮೇಲೇ ನೋಡುವ ಪ್ರಯೋಗ ಅದು. 60 ದಿನ ಹಾಸಿಗೆ ಬಿಟ್ಟು ಏಳುವಂತಿಲ್ಲ. ಊಟ, ಸ್ನಾನ, ಉಳಿದದ್ದು ಎಲ್ಲ ಅಲ್ಲೇ. ಹಾಸಿಗೆಯೂ ಮಟ್ಟಸವಾಗಿ ಇರುವುದಿಲ್ಲ, ತಲೆಯ ಕಡೆಗೆ 6 ಡಿಗ್ರಿ ಇಳಿಜಾರು. ಆರು ಡಿಗ್ರಿ ಏನು ಮಹಾ ಅಂದುಕೊಂಡಿದ್ದೆ. ಎರಡು ಮೀಟರ್ ಉದ್ದದ ಮಂಚಕ್ಕೆ ಲೆಕ್ಕ ಹಾಕಿದರೆ ಕಾಲಿನ ತುದಿ ತಲೆಗಿಂತ 21 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ದಿಂಬು ಇಲ್ಲ.

ಈ ಇಳಿಜಾರು ಬಂದದ್ದು ಸೋವಿಯತ್ ವೈದ್ಯರಿಂದ. 1970ರಲ್ಲಿ ಸೋಯುಜ್ 9 ಬಾಹ್ಯಾಕಾಶ ನೌಕೆಯಲ್ಲಿ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ 18 ದಿನ ಇದ್ದು ಬಂದರು. ಇಳಿದ ಮೇಲೆ ಇಬ್ಬರಿಗೂ ನೆಟ್ಟಗೆ ನಿಲ್ಲುವುದೇ ಕಷ್ಟವಾಗಿತ್ತು. ಆ ಕಾಲದಲ್ಲಿ ಹಿಂದಿರುಗಿದ ಯಾತ್ರಿಗಳು ಮಟ್ಟಸವಾದ ಹಾಸಿಗೆಯಲ್ಲಿ ಮಲಗಿ, ಕಾಲಿನ ಕಡೆಗೆ ಜಾರಿಬೀಳುತ್ತಿದ್ದೇವೆ ಅನ್ನುತ್ತಿದ್ದರಂತೆ. ಮಂಚದ ಕಾಲಿನ ಬದಿ ಎತ್ತಿದರೆ ಅವರಿಗೆ ಸರಿಹೋಗುತ್ತಿತ್ತು. ಹಾಗಾದರೆ ನೆಲದ ಮೇಲಿನವರನ್ನೇ ಹೀಗೆ ಮಲಗಿಸಿದರೆ? ನಾವು ನಿಂತಾಗ ರಕ್ತ ಕಾಲಿಗೆ ಇಳಿಯುತ್ತದೆ, ತೂಕವಿಲ್ಲದ ಕಡೆ ಅದು ಎದೆಗೂ ತಲೆಗೂ ಏರುತ್ತದೆ. ಇಳಿಜಾರು ಅದನ್ನೇ ನಕಲು ಮಾಡುತ್ತದೆ.

ಮೊದಲ ಮೂರು ದಿನ ಕೆಟ್ಟದಾಗಿದ್ದವು. ಮೂಗು ಕಟ್ಟಿತು, ತಲೆ ಭಾರ, ಕನ್ನಡಿ ಕೇಳಿ ನೋಡಿದರೆ ಮುಖ ಜೇನು ಕಚ್ಚಿದ ಹಾಗೆ ಊದಿಕೊಂಡಿತ್ತು. ಮೇಲೆ ನೀರು ಜಾಸ್ತಿ ಆಗಿದೆ ಎಂದು ಮೈ ತಪ್ಪಾಗಿ ತಿಳಿದು ಅದನ್ನು ಹೊರಗೆ ಹಾಕಲು ಶುರುಮಾಡುತ್ತದೆ, ಹಾಗಾಗಿ ಮೂತ್ರದ ಬಾಟಲಿ ಕೈ ಬಿಡುವಂತಿರಲಿಲ್ಲ. ಎಲ್ಲಕ್ಕಿಂತ ಕಾಡಿದ್ದು ಬೆನ್ನು. ಭಾರ ಇಳಿದ ಬೆನ್ನುಮೂಳೆ ಉದ್ದವಾಗುತ್ತದೆ, ಸುತ್ತಲಿನ ಸ್ನಾಯು ಜಗ್ಗುತ್ತದೆ. ಮಗ್ಗುಲು ಬದಲಿಸಬಹುದು, ಆದರೆ ಒಂದು ಭುಜ ಯಾವಾಗಲೂ ಹಾಸಿಗೆಗೆ ತಾಗಿರಬೇಕು. ಐದನೇ ದಿನ ಚಮಚ ಕೆಳಗೆ ಬಿತ್ತು. ಹಿಡಿಯಲು ಅರ್ಧ ಎದ್ದೆ. ಸ್ಪೀಕರಿನಿಂದ ದನಿ ಬಂತು: "ಭುಜ ಕೆಳಗೆ, ಪ್ಲೀಸ್." ಕ್ಯಾಮೆರಾಕ್ಕೆ ನಿದ್ದೆ ಇಲ್ಲ.

ನುಂಗುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ಪಕ್ಕಕ್ಕೆ ತಿರುಗಿ, ಚೂರು ಚೂರೇ. ಊಟವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು, ತಟ್ಟೆಯಲ್ಲಿ ಏನೂ ಬಿಡುವಂತಿಲ್ಲ. ಹಸಿವಿಲ್ಲದ ದಿನವೂ ತಿನ್ನಬೇಕು, ಇನ್ನೂ ಬೇಕೆನಿಸಿದರೂ ಸಿಗದು. ಸ್ನಾನ ಅಂದರೆ ತೂತುಗಳಿರುವ ಸ್ಟ್ರೆಚರ್ ಮೇಲೆ, ಅದೂ ಅದೇ ಇಳಿಜಾರಿನಲ್ಲಿ.

ಯಾರು ಏನು ಮಾಡಬೇಕು ಎಂದು ಚೀಟಿ ಎತ್ತಿ ನಿರ್ಧರಿಸಿದ್ದರು. ನನಗೆ ಬಂದದ್ದು 'ಏನೂ ಮಾಡದ' ಗುಂಪು. ಪಕ್ಕದ ಕೋಣೆಯವನಿಗೆ ದಿನಕ್ಕೆ 30 ನಿಮಿಷ ಸೆಂಟ್ರಿಫ್ಯೂಜ್. ಮಲಗಿಸಿಯೇ ಗಿರಗಿರ ತಿರುಗಿಸುತ್ತಾರೆ, ತಲೆ ನಡುವಿನ ಕಡೆ, ಕಾಲು ಹೊರಗಡೆ. ತಿರುಗಿದಾಗ ಮೈಯ ಭಾರ ಕಾಲಿಗೆ ಬರುತ್ತದೆ, ನಿಂತ ಹಾಗೆ ಅನಿಸುತ್ತದೆ. ಮುಂದೊಂದು ದಿನ ನೌಕೆಯೊಳಗೆ ಇಂಥದ್ದನ್ನು ಇಡಬಹುದೇ ಎಂಬುದು ಅವರ ಪ್ರಶ್ನೆ. ಅವನಿಗೆ ಹೊಟ್ಟೆಕಿಚ್ಚು ಪಡುತ್ತಿದ್ದೆ, ಅರ್ಧ ಗಂಟೆಯಾದರೂ ಕೋಣೆಯಿಂದ ಹೊರಗೆ ಹೋಗುತ್ತಾನಲ್ಲ ಎಂದು.

ಏನೂ ಮಾಡದೆ ಇದ್ದರೆ ಏನಾಗುತ್ತದೆ ಎಂದು ನನಗೆ ಹೇಳಿದ್ದು ಕಾಲುಚೀಲ. ನಾಲ್ಕನೇ ವಾರ ಅದು ತಾನೇ ಜಾರಿ ಪಾದದ ಹತ್ತಿರ ಮುದುಡಿ ಕೂತಿತ್ತು. ಎಲಾಸ್ಟಿಕ್ ಹೋಗಿದೆ ಅಂದುಕೊಂಡೆ. ನರ್ಸ್ ಟೇಪ್ ತಂದು ಮೀನಖಂಡ ಅಳೆದರು, ಬರೆದುಕೊಂಡರು, ಏನೂ ಹೇಳಲಿಲ್ಲ. ಎಲಾಸ್ಟಿಕ್ ಚೆನ್ನಾಗಿಯೇ ಇತ್ತು. ಅಂಗಾಲಿನ ಗಟ್ಟಿ ಚರ್ಮವೂ ಸುಲಿದು ಮಗುವಿನ ಪಾದದ ಹಾಗೆ ಮೆತ್ತಗಾಗಿತ್ತು. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮಕ್ಕೇ ಇಡುವುದು ಸುಮ್ನೆ ಅಲ್ಲ. ಅದು ಇಲ್ಲದಿದ್ದರೆ ಸೊಂಟದ ಮೂಳೆ ತಿಂಗಳಿಗೆ ಶೇಕಡ 1ರಿಂದ 1.5ರಷ್ಟು ಸವೆಯುತ್ತದೆ.

ಆದರೆ ಕಣ್ಣಿಗೆ ಯಾವ ವ್ಯಾಯಾಮ ಮಾಡಿಸುತ್ತೀರಿ? ತಿಂಗಳುಗಟ್ಟಲೆ ಮೇಲಿದ್ದ ಕೆಲವರಿಗೆ ಕಣ್ಣಿನ ನರ ಊದಿಕೊಂಡದ್ದು, ಹತ್ತಿರದ ಅಕ್ಷರ ಮಂಜಾದದ್ದು ಗೊತ್ತಾಗಿದೆ. ದಿಂಬಿಲ್ಲದೆ ಕಟ್ಟುನಿಟ್ಟಾಗಿ ಮಲಗಿಸಿದ ಪ್ರಯೋಗಗಳಲ್ಲೂ ಕೆಲವರಿಗೆ ಅದೇ ಊತ ಕಂಡಿದೆ. ನನ್ನ ದಿಂಬು ಕಿತ್ತುಕೊಂಡದ್ದು ಅದಕ್ಕೇ. ನನ್ನ ಕಣ್ಣಿಗೆ ಏನೂ ಆಗಲಿಲ್ಲ, ಅದೃಷ್ಟ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಮೊದಲೇ ಹೇಳಲು ಬರುವುದಿಲ್ಲ. ಮಂಗಳಕ್ಕೆ ಹೋಗುವ ನೌಕೆಯ ಚಾಲಕ ಪರದೆ ಓದಲಾರದೆ ಕಣ್ಣು ಕಿರಿದು ಮಾಡುತ್ತಾ ಕೂತಿರುವುದನ್ನು ನೆನೆಸಿಕೊಳ್ಳಿ.

ಹಾಸಿಗೆಯಲ್ಲಿ ಮಲಗಿ ತಿಳಿಯಲಾಗದ ಸಂಗತಿಯೂ ಇದೆ, ವಿಕಿರಣ. ಕ್ಯೂರಿಯಾಸಿಟಿ ರೋವರ್ 2011-12ರಲ್ಲಿ ಮಂಗಳಕ್ಕೆ ಹೋಗುವಾಗ ದಾರಿಯುದ್ದಕ್ಕೂ ಅಳೆದಿತ್ತು. ದಿನಕ್ಕೆ ಸುಮಾರು 1.8 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ). ಭೂಮಿಯ ಮೇಲೆ ಪ್ರಕೃತಿಯಿಂದ ನಮಗೆ ಬರುವುದು ವರ್ಷಕ್ಕೆ ಸರಾಸರಿ 2.4. ಅಂದರೆ ನಮ್ಮ ಒಂದು ವರ್ಷದ ಪಾಲು ಅಲ್ಲಿ ಒಂದೂವರೆ ದಿನದೊಳಗೆ ಮುಗಿಯುತ್ತದೆ. ಒಂದು ಕಡೆಯ ದಾರಿಗೇ ಆರರಿಂದ ಒಂಬತ್ತು ತಿಂಗಳು ಬೇಕು. ಬೇಗ ತಲುಪಿಸುವ ಎಂಜಿನ್ ಬಂದರೆ ವಿಕಿರಣ, ಮೂಳೆ, ಕಣ್ಣು ಮೂರಕ್ಕೂ ಒಳ್ಳೆಯದು. ನನ್ನನ್ನು ಕೇಳಿದರೆ ಮುಂದಿನ ಹಣವೆಲ್ಲ ಅದಕ್ಕೇ ಹೋಗಲಿ ಅನ್ನುತ್ತೇನೆ. ನನ್ನನ್ನು ಯಾರೂ ಕೇಳಿಲ್ಲ.

ಐದನೇ ವಾರ ಬೇಜಾರು ತಡೆಯಲಾರದೆ ಅಕ್ಕನ ಜೊತೆ ಒಂದು ಆಟ ಹೂಡಿದೆ. ಮಂಗಳಕ್ಕೆ ರೇಡಿಯೊ ಮಾತು ತಲುಪಲು 3ರಿಂದ 22 ನಿಮಿಷ ಹಿಡಿಯುತ್ತದೆ, ಎರಡೂ ಗ್ರಹ ಎಷ್ಟು ದೂರದಲ್ಲಿವೆ ಎಂಬುದರ ಮೇಲೆ. ನಾನು ಮೆಸೇಜ್ ಕಳಿಸಿದರೆ ಅವಳು 40 ನಿಮಿಷ ಕಾದು ಉತ್ತರಿಸಬೇಕು. ಹೋಗೋಕೆ 20, ಬರೋಕೆ 20. ಮೊದಲ ದಿನ ಮಜಾ ಇತ್ತು. ಎರಡನೇ ದಿನ ಯಾವುದೋ ಸಣ್ಣ ವಿಷಯಕ್ಕೆ ಜಗಳವಾಯಿತು. ನನ್ನ ಸಿಟ್ಟಿನ ಮೆಸೇಜಿಗೆ ಅವಳ ಉತ್ತರ ಬರುವಷ್ಟರಲ್ಲಿ ನನ್ನ ಸಿಟ್ಟು ಆರಿಹೋಗಿ, ನಾನು ಕ್ಷಮೆ ಕೇಳಿ, ಅವಳು ಅದನ್ನು ನೋಡದೆ ಇನ್ನಷ್ಟು ಬೈದಿದ್ದಳು. "ಸಾಕು ಮಾರಾಯ, ಭೂಮಿಗೆ ಬಾ" ಅಂತ ಬರೆದಳು. ಮೂರನೇ ದಿನ ಆಟ ನಿಲ್ಲಿಸಿದೆವು. ನನಗಾದರೆ ನಿಲ್ಲಿಸುವ ದಾರಿ ಇತ್ತು.

61ನೇ ಬೆಳಿಗ್ಗೆ ಏಳಿಸಿದರು. ಏಳಿಸಿದರು ಅಂದರೆ ಪಟ್ಟಿ ಕಟ್ಟಿ ಹಲಗೆಯನ್ನು ಮೇಲಕ್ಕೆ ಎತ್ತಿದರು. ಶುರುವಿನಲ್ಲಿ ಇದೇ ಹಲಗೆ ಮೇಲೆ 15 ನಿಮಿಷ ಹರಟೆ ಹೊಡೆಯುತ್ತಾ ನಿಂತಿದ್ದೆ. ಈ ಸಲ ರಕ್ತ ಕಾಲಿಗೆ ಸುರಿದದ್ದು ಗೊತ್ತಾಯಿತು, ಕಾಲು ಬಿಸಿಯಾಯಿತು, ಎದೆ ಓಡತೊಡಗಿತು. ನಾಲ್ಕನೇ ನಿಮಿಷಕ್ಕೆ ಎದುರಿನ ಗೋಡೆ ಬೂದಿ ಬಣ್ಣಕ್ಕೆ ತಿರುಗಿತು, ದನಿಗಳು ದೂರ ಹೋದವು. ಮತ್ತೆ ಮಲಗಿಸಿದರು. ಸೆಂಟ್ರಿಫ್ಯೂಜಿನವನು ನನಗಿಂತ ಸ್ವಲ್ಪ ಹೊತ್ತು ಹೆಚ್ಚು ನಿಂತ, ಆಮೇಲೆ ಅವನೂ ತೂರಾಡಿದ. ನನ್ನ ಹೊಟ್ಟೆಕಿಚ್ಚು ಅರ್ಧ ಇಳಿಯಿತು.

ಅಲ್ಲಿ ಮಲಗಿದ್ದಾಗ ನೆನಪಾದದ್ದು ಪೋಲ್ಯಾಕೋವ್. ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಒಂದೇ ಸಲಕ್ಕೆ 437 ದಿನ ಇದ್ದು 1995ರಲ್ಲಿ ಇಳಿದ ವೈದ್ಯ. ಇಳಿದವರನ್ನು ಎತ್ತಿಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸುವುದು ವಾಡಿಕೆ. ಅವರು ಹತ್ತಿರದ ಕುರ್ಚಿಗೆ ತಾವೇ ನಡೆದು ಹೋದರು. ಅಷ್ಟು ದೂರ ಹೋದವನು ಇಳಿದ ಮೇಲೆ ಕೆಲಸ ಮಾಡಬಲ್ಲ ಎಂದು ತೋರಿಸಬೇಕಿತ್ತು ಅವರಿಗೆ. ಅವರು ಮೇಲೆ ದಿನವೂ ಬೆವರು ಹರಿಸಿದ್ದರು, ನಾನು ಚಮಚ ಬೀಳಿಸಿಕೊಂಡು ಮಲಗಿದ್ದೆ, ಹೋಲಿಕೆ ಸರಿಯಲ್ಲ. ಮಂಗಳದಲ್ಲಿ ಭಾರ ನಮ್ಮಲ್ಲಿಯ ಶೇಕಡ 38 ಅಷ್ಟೇ, ಅಲ್ಲಿ ನಿಲ್ಲುವುದು ಇಷ್ಟು ಕಷ್ಟವಾಗಲಾರದು ಎಂಬುದೂ ನಿಜ. ಆದರೂ ಅಲ್ಲಿ ಕುರ್ಚಿ ಹಿಡಿದು ಕಾಯುವವರು ಇರುವುದಿಲ್ಲ ಅಲ್ವಾ.

ಆಮೇಲೆ ಎರಡು ವಾರ ಅಲ್ಲೇ ಇಟ್ಟುಕೊಂಡಿದ್ದರು. ಕಣ್ಣು ಮುಚ್ಚಿ ಗೆರೆಯ ಮೇಲೆ ನಡೆಯುವುದು, ಮೆಟ್ಟಿಲು, ಒಂಟಿ ಕಾಲು. ಎರಡನೇ ರಾತ್ರಿ ಹಟ ಹಿಡಿದು ಒಬ್ಬನೇ ಬಾತ್‌ರೂಮಿಗೆ ಹೊರಟೆ. ಗೋಡೆ ಹಿಡಿದು ಹೋಗುವುದೇನೋ ಹೋದೆ. ಬರುವಾಗ ಬಾಗಿಲು ತೆಗೆಯಲಾಗಲಿಲ್ಲ. ತಾನೇ ಮುಚ್ಚಿಕೊಳ್ಳುವ ಭಾರದ ಬಾಗಿಲು, ಒಳಕ್ಕೆ ಎಳೆಯಬೇಕು. ಎಳೆದರೆ ಬಾಗಿಲು ಬರುವ ಬದಲು ನಾನೇ ಅದರ ಕಡೆಗೆ ಹೋಗುತ್ತಿದ್ದೆ. ಮೂರು ಸಲ ಪ್ರಯತ್ನಿಸಿ ಕಮೋಡ್ ಮೇಲೆ ಕೂತು ಬೆಲ್ ಒತ್ತಿದೆ. ಅರ್ಧ ನಿಮಿಷದಲ್ಲಿ ನರ್ಸ್ ಬಂದರು, ಒಂದೇ ಕೈಯಲ್ಲಿ ತಳ್ಳಿ ತೆಗೆದರು.