ಹದಿನೈದು ತೂತು, ಹದಿನಾಲ್ಕು ವೈರು

ಏಪ್ರಿಲ್‌ನಲ್ಲಿ ಚೆನ್ನಾಗಿ ಓಡುತ್ತಿದ್ದ ನನ್ನ ಮಾದರಿ ರೈಲು ಜುಲೈ ಹೊತ್ತಿಗೆ ಹಿಂದಿನ ತಿರುವಿನಲ್ಲಿ ಕುಂಟತೊಡಗಿತು. ಕುಮಟಾದ ಮನೆಯ ಮಾಳಿಗೆಯಲ್ಲಿ 8 ಅಡಿಗೆ 4 ಅಡಿ ಪ್ಲೈವುಡ್ ಹಾಕಿ, ಎಚ್‌ಒ ಅಳತೆಯಲ್ಲಿ ಒಂದು ಸುತ್ತು ಹಳಿ ಕೂರಿಸಿದ್ದೆ. ಎಚ್‌ಒ ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲು. (ಹೊನ್ನಾವರದ ಶರಾವತಿ ಸೇತುವೆ ಮಾಡುವ ಆಸೆಯೂ ಇತ್ತು. ಎರಡು ಕಿಲೋಮೀಟರಿಗೂ ಉದ್ದದ ಅದನ್ನು 87ರಿಂದ ಭಾಗಿಸಿದರೂ 23 ಮೀಟರ್ ದಾಟುತ್ತದೆ. ಮಾಳಿಗೆ ಬಿಡಿ, ಅಂಗಳವೂ ಸಾಲದು.)

ಎಂಜಿನ್ ಕೆಟ್ಟಿದೆ ಅಂದುಕೊಂಡು ಬಿಚ್ಚಿದೆ, ಚಕ್ರ ಒರೆಸಿದೆ, ಎಣ್ಣೆ ಬಿಟ್ಟೆ. ಎರಡು ಭಾನುವಾರ ಸುಮ್ನೆ ಹೋಯಿತು. ಮಲ್ಟಿಮೀಟರ್ ಕೂಡ ಮೊದಲು ದಾರಿ ತಪ್ಪಿಸಿತು. ಖಾಲಿ ಹಳಿಗೆ ಹಿಡಿದರೆ ಎಲ್ಲ ಕಡೆಯೂ 12 ವೋಲ್ಟ್. ಎಂಜಿನ್ ಹಳಿಯ ಮೇಲಿದ್ದು ಕರೆಂಟ್ ಎಳೆಯುವಾಗ ಅದರ ಪಕ್ಕದಲ್ಲೇ ಹಿಡಿದು ನೋಡಿದೆ: 7. ಉಳಿದ ಐದು ವೋಲ್ಟನ್ನು ದಾರಿಯಲ್ಲಿದ್ದ ಜಾಯಿನರ್‌ಗಳು ನುಂಗುತ್ತಿದ್ದವು.

ಹಳಿಗೆ ಹಳಿ ಸೇರಿಸುವ ಆ ಚಿಕ್ಕ ತಗಡುಗಳ ಮೇಲೆ ಕರೆಂಟಿನ ಭಾರ ಹೊರಿಸಿದ್ದೇ ನನ್ನ ತಪ್ಪು. ಇಲ್ಲಿಯ ಮಳೆಗಾಲದಲ್ಲಿ ಕಪಾಟಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಜಾಯಿನರ್ ಒಳಗೆ ಕಿಲುಬು ಬಾರದೆ ಇರುತ್ತದಾ? ಹಾಗಾಗಿ ಪ್ರತಿ ಹಳಿ ತುಂಡಿಗೂ ಕೆಳಗಿನಿಂದ ಅದರದೇ ವೈರು ಕೊಡುವುದು ಅಂತ ಆಯಿತು. ಸುತ್ತಿನಲ್ಲಿ ಆರು ತುಂಡು, ಸೈಡಿಂಗ್‌ನಲ್ಲಿ (ಪಕ್ಕಕ್ಕೆ ಕವಲೊಡೆಯುವ ಹಳಿ) ಒಂದು. ತುಂಡಿಗೆ ಎರಡು ಹಳಿ. ಒಟ್ಟು ಹದಿನಾಲ್ಕು ತೂತು.

ಫೀಡರಿಗೆ, ಅಂದರೆ ಹಳಿಗೆ ಕರೆಂಟ್ ಒಯ್ಯುವ ಈ ಚಿಕ್ಕ ವೈರುಗಳಿಗೆ, ಹಳೆಯ ಲ್ಯಾನ್ ಕೇಬಲ್ ಸೀಳಿದೆ. ಒಳಗಿನ ಒಂಟಿ ಎಳೆಯ ತಾಮ್ರ ಬಗ್ಗಿಸಿದ ಹಾಗೆ ನಿಲ್ಲುತ್ತದೆ. ಗೇಣುದ್ದಕ್ಕಿಂತ ಜಾಸ್ತಿ ಬಿಡಬಾರದು ಅಷ್ಟೆ. ಫೀಡರ್‌ಗಳೆಲ್ಲ ಬಂದು ಸೇರುವ, ಕೆಳಗೆ ಓಡುವ ಬಸ್ ವೈರಿಗೆ (ಮುಖ್ಯ ವೈರು) ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರು.

ತೂತಿಗೆ 2 ಮಿ.ಮೀ. ಬಿಟ್ ಸಾಕು. ಜಾಗ ಎರಡು ಸ್ಲೀಪರ್ (ಹಳಿಯ ಕೆಳಗಿನ ಅಡ್ಡಪಟ್ಟಿ) ನಡುವೆ, ಹಳಿಯ ಹೊರಮಗ್ಗುಲಿಗೆ ತಾಗಿಕೊಂಡು. ಒಳಮಗ್ಗುಲಿಗೆ ಬೆಸೆದರೆ ಚಕ್ರದ ಅಂಚು ಬೆಸುಗೆಯ ಗಂಟಿಗೆ ಹೊಡೆದು ರೈಲು ಕುಪ್ಪಳಿಸುತ್ತದೆ. ಬಿಟ್ ಜಾರದಂತೆ ಮೊದಲು ಮೊಳೆಯಿಂದ ಒಂದು ಚುಕ್ಕಿ ಗುಂಡಿ ಮಾಡುತ್ತಿದ್ದೆ. ಡ್ರಿಲ್‌ನ ತಲೆ ಹಳಿಗೆ ತಾಗುತ್ತದೆ, ಅದಕ್ಕೆ ಸ್ವಲ್ಪ ಓರೆ ಹಿಡಿಯಬೇಕು. ಒಂಬತ್ತನೆಯ ತೂತು ಎಷ್ಟು ಒತ್ತಿದರೂ ಆಚೆ ಬರಲಿಲ್ಲ. ಬಗ್ಗಿ ನೋಡಿದರೆ ಸರಿಯಾಗಿ ಪ್ಲೈವುಡ್ ಕೆಳಗಿನ ರೀಪಿನ ಮೇಲೆ ಹೊಡೆದಿದ್ದೆ! ಮೂರು ಇಂಚು ಸರಿದು ಮತ್ತೊಂದು ಕೊರೆದೆ.

ಅಕ್ಕನ ಮಗ ಮೇಲಿನಿಂದ ವೈರು ಇಳಿಸುತ್ತಿದ್ದ. ನಾನು ಕೆಳಗೆ ಅಂಗಾತ ಮಲಗಿ ಎಳೆಯುತ್ತಿದ್ದೆ. “ಬಂತಾ ಮಾವ?” “ಬರಲಿಲ್ಲೋ, ಇನ್ನೂ ದೂಡು.” ಆಯಿ ಬಾಗಿಲಲ್ಲಿ ನಿಂತು ಒಂದು ಸಲ ನೋಡಿ, ಏನೂ ಕೇಳದೆ ವಾಪಸ್ ಹೋದಳು.

ಬೆಸುಗೆಯಲ್ಲಿ ನಾನು ಹೆದರಿದ್ದೇ ತಪ್ಪಾಯಿತು. ಪ್ಲಾಸ್ಟಿಕ್ ಸ್ಲೀಪರ್ ಕರಗೀತು ಅಂತ 25 ವಾಟ್‌ನ ಐರನ್ ಹಿಡಿದೆ. ಹಳಿ ಆ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ, ಸೋಲ್ಡರ್ ಹರಿಯುವುದೇ ಇಲ್ಲ. ಹತ್ತು ಸೆಕೆಂಡ್ ಒತ್ತಿ ಹಿಡಿಯುವಷ್ಟರಲ್ಲಿ ಎರಡು ಸ್ಲೀಪರ್ ಬೆಲ್ಲದ ಹಾಗೆ ಕರಗಿದವು. ಆಮೇಲೆ 60 ವಾಟ್‌ನದು ತಂದೆ. ಎರಡೇ ಸೆಕೆಂಡ್, ಕೆಲಸ ಮುಗೀತು, ಸ್ಲೀಪರಿಗೆ ಏನೂ ಆಗಲಿಲ್ಲ. ಬೆಸೆಯುವ ಜಾಗದ ಎರಡೂ ಬದಿಗೆ ಒದ್ದೆ ಬಟ್ಟೆ ಇಡುತ್ತಿದ್ದೆ. ಹಳಿಯನ್ನು ಮರಳು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಹಳಿಗೂ ವೈರಿನ ತುದಿಗೂ ಮೊದಲೇ ಸ್ವಲ್ಪ ಸೋಲ್ಡರ್ ಹಚ್ಚಿಕೊಂಡರೆ ಆ ಎರಡು ಸೆಕೆಂಡ್ ಸಾಕಾಗುತ್ತದೆ. ತುದಿಯನ್ನು ಎಲ್ ಆಕಾರಕ್ಕೆ ಬಗ್ಗಿಸಿ ಹಳಿಯ ಸೊಂಟಕ್ಕೆ ಒರಗಿಸಿದರೆ, ಬಣ್ಣ ಹಚ್ಚಿದ ಮೇಲೆ ಎಲ್ಲಿದೆ ಅಂತಲೇ ಗೊತ್ತಾಗದು. ಬೆಸುಗೆ ಹಿಡಿಯಲೆಂದು ಹಚ್ಚುವ ಫ್ಲಕ್ಸ್ ಮಾತ್ರ ರಾಳದ್ದೇ ಇರಲಿ. ತಗಡು ಬೆಸೆಯುವ ಆಸಿಡ್ ಫ್ಲಕ್ಸ್ ಹಚ್ಚಿದರೆ ಆ ಜಾಗ ಆಮೇಲೆ ಹಸಿರುಗಟ್ಟುತ್ತದೆ, ನಮ್ಮ ಕಡೆ ಅಂತೂ ಬೇಗ.

ಹೊರಹಳಿಗೆ ಕಿತ್ತಳೆ ಬಣ್ಣದ ವೈರು, ಒಳಹಳಿಗೆ ನೀಲಿ. ಕೆಳಗೆ ಕಿತ್ತಳೆ ಕೆಂಪು ಬಸ್ಸಿಗೆ, ನೀಲಿ ಕಪ್ಪು ಬಸ್ಸಿಗೆ, ಸ್ಕ್ರೂ ಹಾಕುವ ಕನೆಕ್ಟರ್ ಪಟ್ಟಿಯಲ್ಲಿ. ಇಷ್ಟು ಸುಲಭ ಮಾಡಿಕೊಂಡೂ ಒಂದು ಜೋಡಿ ಅದಲುಬದಲಾಗಿತ್ತು. ಸ್ವಿಚ್ ಹಾಕಿದ ಕೂಡಲೇ ಕಂಟ್ರೋಲರಿನ ಕೆಂಪು ದೀಪ ಹತ್ತಿತು. ಶಾರ್ಟ್. ಒಂದೊಂದು ಜೋಡಿ ಕೂರಿಸಿದಾಗಲೂ ಮೀಟರನ್ನು ಬೀಪ್‌ಗೆ (ಎರಡರ ನಡುವೆ ಸಂಪರ್ಕ ಇದ್ದರೆ ಸದ್ದು ಮಾಡುತ್ತದೆ) ಇಟ್ಟು ಎರಡು ಹಳಿಗೂ ಮುಟ್ಟಿಸಿ ನೋಡಿದ್ದರೆ ಅಲ್ಲೇ ಸಿಗುತ್ತಿತ್ತು. ಎಲ್ಲ ಮುಗಿಸಿ ನೋಡುವ ಸೋಮಾರಿತನ, ಅಲ್ವಾ? ಕಂಟ್ರೋಲರ್ ತೆಗೆದಿಟ್ಟು, ಬೀಪ್ ನಿಲ್ಲುವ ತನಕ ಒಂದೊಂದೇ ಜೋಡಿ ಬಿಚ್ಚುತ್ತಾ ಹೋದೆ. ಐದನೆಯದರಲ್ಲಿ ನಿಂತಿತು. ಅಷ್ಟರಲ್ಲಿ ಕರೆಂಟೇ ಹೋಯಿತು. ಉಳಿದದ್ದು ಮರುದಿನಕ್ಕೆ.

ಮರುದಿನ ಹಿಂದಿನ ತಿರುವಿನಲ್ಲಿ ಎಂಜಿನ್ ಓಡಿಸುತ್ತಾ ಮೀಟರ್ ಹಿಡಿದೆ: 11.8. ರೀಪಿನ ಮೇಲಿನ ಆ ದಂಡದ ತೂತು ಹಾಗೇ ಇದೆ. ಅಕ್ಕನ ಮಗ ಅದರಲ್ಲಿ ಉರಿದು ಉಳಿದ ಊದಿನಕಡ್ಡಿ ಸಿಕ್ಕಿಸಿ, ಅದು ಸಿಗ್ನಲ್ ಕಂಬ, ಯಾರೂ ಮುಟ್ಟಬಾರದು ಅಂದಿದ್ದಾನೆ.